ಮಜಾಮಾ ಪರ್ವತದ ಕುಸಿತ: ಶಿಲೆಯ ಸಾಕ್ಷ್ಯ, ಜನರ ಸಾಕ್ಷ್ಯ

ಅಗ್ನಿಪರ್ವತಗಳ ಶಿರೋಭಾಗದಲ್ಲಿ ಕಾಣುವ ಮಹಾಕುಳಿಗಳು ಸ್ಫೋಟದಿಂದ ಶಿಖರವು ಸಿಡಿದುಹೋದುದರ ಫಲವೆಂಬುದು ಸಾಮಾನ್ಯ ಗ್ರಹಿಕೆ. ಇದು ಎಲ್ಲೆಡೆಗೂ ಸಲ್ಲುವುದಿಲ್ಲವೆಂಬುದಕ್ಕೆ ಅಮೆರಿಕದ ಆರೆಗಾನ್ ರಾಜ್ಯದ ಕ್ರೇಟರ್ ಲೇಕ್ ಪ್ರಸಿದ್ಧ ನಿದರ್ಶನ. 8ರಿಂದ 10 ಕಿಲೋಮೀಟರು ಅಗಲವಾದ ಕುಳಿಯಲ್ಲಿ ನಿಂತಿರುವ ಈ ಸರೋವರದ ಗರಿಷ್ಠ ಆಳ 594 ಮೀಟರು. ಇದರ ಉಗಮವು ಭೂವಿಜ್ಞಾನದ ಪ್ರಶ್ನೆಯೇ ಆದರೂ, ಉತ್ತರಕ್ಕೆ ಒದಗಿದ ಸಾಕ್ಷ್ಯಗಳ ಸ್ವರೂಪವನ್ನು ಇತಿಹಾಸದ ವಿದ್ಯಾರ್ಥಿಗಳೂ ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಸರೋವರವಿರುವ ಸ್ಥಳದಲ್ಲಿ ಹಿಂದೆ ಸುಮಾರು 3,700 ಮೀಟರು ಎತ್ತರದ ಪರ್ವತವೊಂದಿತ್ತು. ವಿದ್ವಾಂಸರು ಅದನ್ನು ಮಜಾಮಾ ಎಂದು ಕರೆದಿದ್ದಾರೆ. ಅದರ ಶಿಖರವು ಸಿಡಿದುಹೋಗಿದ್ದರೆ ಹಳೆಯ ಬಂಡೆಗಳ ಚೂರುಗಳು ಸುತ್ತಲೂ ರಾಶಿಯಾಗಿ ಬಿದ್ದಿರಬೇಕಾಗಿತ್ತು. ಅಂತಹ ರಾಶಿ ಅಲ್ಲಿಲ್ಲ. ಈ ಅಭಾವವನ್ನೇ ಆಧಾರವಾಗಿಟ್ಟುಕೊಂಡು ಜೆ. ಎಸ್. ಡಿಲ್ಲರ್ ಅವರು 1902ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಪರ್ವತವು ಒಳಕ್ಕೆ ಕುಸಿಯಿತೆಂದು ವಾದಿಸಿದರು. ಹೊವೆಲ್ ವಿಲಿಯಮ್ಸ್ ಅವರು 1942ರ ತಮ್ಮ ಗ್ರಂಥದಲ್ಲಿ ಈ ವಾದವನ್ನು ವಿಸ್ತಾರವಾಗಿ ಸಮರ್ಥಿಸಿದರು. ಹೊರಬಿದ್ದ ಪದಾರ್ಥದಲ್ಲಿ ಬಹುಭಾಗವು ಭೂಗರ್ಭದಿಂದ ಬಂದ ಹೊಸ ಶಿಲಾರಸವೇ ಹೊರತು ಹಳೆಯ ಶಿಖರದ ತುಣುಕುಗಳಲ್ಲ. ಸುಮಾರು 7,700 ವರ್ಷಗಳ ಹಿಂದೆ ಅಂದಾಜು 50 ಘನ ಕಿಲೋಮೀಟರು ಶಿಲಾರಸವು ಹೊರಚಿಮ್ಮಲು, ಬರಿದಾದ ನೆಲೆಯ ಮೇಲಿನ ಛಾವಣಿಯು ಭಾರವನ್ನು ತಾಳಲಾರದೆ ಕುಸಿಯಿತು. ತರುವಾಯ ಮಳೆಯ ಮತ್ತು ಹಿಮದ ನೀರು ಆ ಕುಳಿಯನ್ನು ತುಂಬಿತು.

ಈ ಪ್ರದೇಶದ ಕ್ಲಾಮತ್ ಜನರಲ್ಲಿ ಒಂದು ಐತಿಹ್ಯವುಂಟು. ಪಾತಾಳದ ಒಡೆಯನಾದ ಲಾವೋ ಎಂಬಾತನಿಗೂ ಮೇಲಿನ ಲೋಕದ ಸ್ಕೆಲ್ ಎಂಬಾತನಿಗೂ ಘೋರ ಯುದ್ಧ ನಡೆದು, ಕೊನೆಗೆ ಲಾವೋ ಇದ್ದ ಪರ್ವತವೇ ಕುಸಿದುಬಿದ್ದಿತಂತೆ. ಇದನ್ನು ಕೇವಲ ಕಲ್ಪನೆಯೆಂದು ತಳ್ಳಿಹಾಕಬಹುದೆ? 1938ರಲ್ಲಿ ಲೂಥರ್ ಕ್ರೆಸ್‌ಮನ್ ಅವರು ಅದೇ ರಾಜ್ಯದ ಫೋರ್ಟ್ ರಾಕ್ ಗವಿಯಲ್ಲಿ ಉತ್ಖನನ ನಡೆಸಿದಾಗ, ಮಜಾಮಾದ ಬೂದಿಯ ಪದರದ ಕೆಳಗೆ ಪೊದೆಯ ತೊಗಟೆಯಿಂದ ಹೆಣೆದ ಪಾದರಕ್ಷೆಗಳು ದೊರೆತವು. ಅವು 9,000 ವರ್ಷಗಳಿಗೂ ಹಿಂದಿನವೆಂದು ಅನಂತರ ವಿಕಿರಣ ಇಂಗಾಲದ ಪರೀಕ್ಷೆಯಿಂದ ತಿಳಿದುಬಂದಿತು. ಎಂದರೆ, ಪರ್ವತವು ಕುಸಿಯುವುದಕ್ಕೆ ಮೊದಲೇ ಆ ಸೀಮೆಯಲ್ಲಿ ಜನವಸತಿಯಿದ್ದಿತು.

ಇಷ್ಟರಿಂದಲೇ ಐತಿಹ್ಯವು ಪ್ರತ್ಯಕ್ಷದರ್ಶಿಗಳ ಹೇಳಿಕೆಯೆಂದು ಸಿದ್ಧವಾಗುವುದಿಲ್ಲ. ಅದು ಬರಹಕ್ಕಿಳಿದುದು ಘಟನೆ ನಡೆದ ಸಹಸ್ರಾರು ವರ್ಷಗಳ ಮೇಲೆ. ನೆಲದ ರೂಪವನ್ನು ಕಂಡು ಕಥೆಯನ್ನು ಹೆಣೆದಿರುವುದೂ ಸಾಧ್ಯ. ಆದರೆ ಅಕ್ಷರವಿಲ್ಲದ ಕಾಲದ ಜನರು ಏನನ್ನೂ ನೆನಪಿಡಲಾರರೆಂಬ ಪೂರ್ವಗ್ರಹಕ್ಕೂ ಇಲ್ಲಿ ಆಧಾರವಿಲ್ಲ. ಡಿಲ್ಲರ್ ಅವರು ಇಲ್ಲದ ಬಂಡೆಗಳನ್ನೂ ಸಾಕ್ಷ್ಯವಾಗಿ ಪರಿಗಣಿಸಿದರು. ಇರುವ ಮಾತನ್ನು ಪರೀಕ್ಷಿಸದೆ ಬಿಡುವುದು ಇತಿಹಾಸಕಾರರಿಗೆ ಒಪ್ಪುವ ಕೆಲಸವಲ್ಲವೆಂಬುದೇ ನಮ್ಮ ಅಭಿಪ್ರಾಯ.