ಮಾರಿಷಸ್ಸಿನ ಕರಿಮರ

ಸಂಬಾರ ಪದಾರ್ಥಗಳಿಗಾಗಿ ಯೂರೋಪಿಯನರು ದ್ವೀಪಗಳನ್ನು ಹಿಡಿದ ಕಥೆ ಸರ್ವವಿದಿತವಾದುದು. ಮಾರಿಷಸ್ಸಿನ ಚರಿತ್ರೆಯಲ್ಲಾದರೋ ಅಂತಹ ಸ್ಥಾನ ಒಂದು ಮರಕ್ಕೆ ಸಲ್ಲುತ್ತದೆ.

1598ರಲ್ಲಿ ಡಚ್ಚರು ಆ ನಿರ್ಜನ ದ್ವೀಪದಲ್ಲಿಳಿದು ಅದಕ್ಕೆ ತಮ್ಮ ರಾಜಕುಮಾರ ಮಾರಿಟ್ಸನ ಹೆಸರಿಟ್ಟರು. 1638ರಲ್ಲಿ ಅವರ ಈಸ್ಟ್ ಇಂಡಿಯಾ ಕಂಪನಿಯು ಅಲ್ಲಿ ನೆಲೆಯೂರಿತು. ಹಡಗುಗಳಿಗೆ ತಂಗುದಾಣವೊಂದು ಬೇಕೆಂಬುದು ಒಂದು ಕಾರಣ. ಎಬೊನಿ, ಎಂದರೆ ಕರಿಮರ, ಇನ್ನೊಂದು. ಅಲ್ಲಿಯ ಕರಿಮರಗಳಲ್ಲಿ ಮುಖ್ಯವಾದ ಡಯೊಸ್ಪೈರಸ್ ಟೆಸ್ಸೆಲೇರಿಯ ಬೇರಾವ ನಾಡಿನಲ್ಲಿಯೂ ಸಹಜವಾಗಿ ಬೆಳೆಯದು. ನಮ್ಮ ಬೀಡಿಯೆಲೆಯ ಮರವೂ ಇದೇ ಕುಲದ್ದು. ಇದರ ಬೆಳವಣಿಗೆ ಬಲು ನಿಧಾನ. ಬೆಲೆಯೆಲ್ಲವೂ ಇದ್ದಲಿನಂತೆ ಕಪ್ಪಾದ ಒಳತಿರುಳಿಗೆ. ಯೂರೋಪಿನ ಪೀಠೋಪಕರಣಗಳಿಗಾಗಿ ಅದನ್ನು ಕಡಿಯಲು ಮಡಗಾಸ್ಕರಿನಿಂದ ಗುಲಾಮರನ್ನು ತರಲಾಯಿತು. ಅವರಲ್ಲಿ ಹಲವರು ಕಾಡಿಗೆ ಓಡಿಹೋದರು.

1710ರಲ್ಲಿ ಡಚ್ಚರು ದ್ವೀಪವನ್ನು ತೊರೆದರು. ಮುಂದೆ ಫ್ರೆಂಚರ, ಬ್ರಿಟಿಷರ ಆಳ್ವಿಕೆಯಲ್ಲಿ ಉಳಿದ ಕಾಡಿನ ಬಹುಭಾಗ ಕಬ್ಬಿನ ತೋಟಗಳಿಗೆ ತುತ್ತಾಯಿತು. ಆದರೆ ಕರಿಮರಕ್ಕೆ ಒದಗಿದ ಹಾನಿ ಕೊಡಲಿಯಿಂದಷ್ಟೇ ಬಂದುದಲ್ಲ. ಅದರ ಹಣ್ಣನ್ನು ತಿಂದು ಬೀಜಗಳನ್ನು ದೂರಕ್ಕೊಯ್ದು ಬಿತ್ತುತ್ತಿದ್ದ ದೈತ್ಯ ಆಮೆಗಳು ನಾವಿಕರಿಗೆ ಆಹಾರವಾಗಿ ನಿರ್ವಂಶವಾದವು. ಅಳಿದುಳಿದ ಮರಗಳ ಹಣ್ಣು ಬುಡದಲ್ಲಿಯೇ ಉದುರತೊಡಗಿತು.

ಈ ನಷ್ಟದ ಆಳ ತಿಳಿದುದು ತೀರ ಈಚೆಗೆ. ಮಾರಿಷಸ್ಸಿನ ಅಂಚಿನಲ್ಲಿರುವ 26 ಹೆಕ್ಟೇರಿನ ಇಲ್-ಒ-ಎಗ್ರೆಟ್ ಎಂಬ ಕಿರುದ್ವೀಪದಲ್ಲಿ ಮತ್ತೊಂದು ಜಾತಿಯ ಕರಿಮರವುಂಟು. 2000ದಲ್ಲಿ ಅಲ್ಲಿಗೆ ಆಲ್ಡಾಬ್ರ ದ್ವೀಪದ ಆಮೆಗಳನ್ನು ತಂದು ಬಿಟ್ಟರು. ಅವು ನುಂಗಿದ ಬೀಜಗಳಿಂದ, ಹಿಂದೆ ಸೌದೆಗಾಗಿ ಮರ ಕಡಿದು ಬರಿದಾಗಿದ್ದ ನೆಲದಲ್ಲಿಯೂ ಸಸಿಗಳೆದ್ದವು.

ಕಾಡಿನ ಚರಿತ್ರೆಯನ್ನು ಬರೆಯುವವರು ಕಡಿದವರ ಲೆಕ್ಕದೊಡನೆ ಬಿತ್ತುವವರ ಲೆಕ್ಕವನ್ನೂ ಇಡಬೇಕಾದುದು ಇದಕ್ಕಾಗಿಯೇ.