ಶಾಲೆ ಶುಲ್ಕ ತೆಗೆದ ಮಂತ್ರಿ ತಾಹಾ ಹುಸೇನ್

ಕೈರೋದ ದಕ್ಷಿಣಕ್ಕಿರುವ ಮಿನ್ಯಾ ಪ್ರಾಂತ್ಯದ ಹಳ್ಳಿಯೊಂದರಲ್ಲಿ 1889ರಲ್ಲಿ ಹುಟ್ಟಿದ ತಾಹಾ ಹುಸೇನ್‌ಗೆ ಮೂರು ವರ್ಷದ ಆಸುಪಾಸಿನಲ್ಲಿ ಕಣ್ಣುಬೇನೆ ಬಂತು. ಹದಿಮೂರು ಮಕ್ಕಳ ಮನೆ. ಮೊದಲು ಯಾರೂ ಗಮನಿಸಲಿಲ್ಲ, ಆಮೇಲೆ ಊರ ಕ್ಷೌರಿಕನನ್ನು ಕರೆಸಿದರು. ಅವನ ಮದ್ದಿಗೆ ದೃಷ್ಟಿಯೇ ಹೋಯಿತು. ಮುಂದೆ ಪುಟ್ಟ ತಂಗಿ ವೈದ್ಯರಿಲ್ಲದೆ ತೀರಿಕೊಂಡಳು. ವೈದ್ಯನಾಗಬೇಕಿದ್ದ ಅಣ್ಣನನ್ನು 1902ರ ಕಾಲರಾ ಒಯ್ದಿತು. ಆತ್ಮಕಥೆ ‘ಅಲ್ ಅಯ್ಯಾಮ್’ನಲ್ಲಿ ಅವರು ತಮ್ಮನ್ನು ‘ನಾನು’ ಎನ್ನದೆ ‘ಆ ಹುಡುಗ’ ಎಂದೇ ಕರೆದುಕೊಳ್ಳುತ್ತಾರೆ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಬೇಡವಾಗಿತ್ತೇನೋ.

ಕುರಾನ್ ಬಾಯಿಪಾಠ, ಅಲ್ ಅಝರ್, 1914ರಲ್ಲಿ ಡಾಕ್ಟರೇಟ್, ಪ್ಯಾರಿಸ್ಸಿನಲ್ಲಿ ಇನ್ನೊಂದು. ಇಸ್ಲಾಂ ಪೂರ್ವದ್ದೆನ್ನುವ ಅರಬ್ಬಿ ಕಾವ್ಯದ ಬಹುಭಾಗ ಆ ಕಾಲದ್ದಲ್ಲ ಎಂದು 1926ರಲ್ಲಿ ಬರೆದು ವಿಚಾರಣೆ ಎದುರಿಸಿದರು. 1932ರಲ್ಲಿ ಸಿದ್ಕಿ ಸರ್ಕಾರ ಅವರನ್ನು ವಿಶ್ವವಿದ್ಯಾಲಯದ ಡೀನ್ ಹುದ್ದೆಯಿಂದ ಕಿತ್ತುಹಾಕಿತು. ಪ್ರತಿಭಟಿಸಿ ಕುಲಪತಿ ಲುತ್ಫಿ ಅಲ್ ಸಯ್ಯದ್ ರಾಜೀನಾಮೆ ಕೊಟ್ಟರು.

ಆಗಿನ ಈಜಿಪ್ಟಿನಲ್ಲಿ ಶಾಲೆಗಳೇ ಎರಡು ಜಾತಿ. ಬಡವರ ಮಕ್ಕಳು ಹೋಗುತ್ತಿದ್ದ ಶಾಲೆ ಓದು, ಬರಹ, ಲೆಕ್ಕ, ಕುರಾನ್ ಪಾಠಕ್ಕೆ ಮುಗಿಯುತ್ತಿತ್ತು. ಅಲ್ಲಿಂದ ಮುಂದಕ್ಕೆ ದಾರಿಯಿಲ್ಲ. ಹೈಸ್ಕೂಲಿಗೆ ಏರಬೇಕಾದರೆ ಶುಲ್ಕ ಕಟ್ಟುವ ಪ್ರಾಥಮಿಕ ಶಾಲೆಯಿಂದಲೇ ಬರಬೇಕು. ತಾಹಾ ಶಿಕ್ಷಣ ಇಲಾಖೆಯ ಸಲಹೆಗಾರರಾಗಿದ್ದಾಗ, 1944ರಲ್ಲಿ, ಆ ಪ್ರಾಥಮಿಕ ಶುಲ್ಕ ರದ್ದಾಯಿತು. ಹೈಸ್ಕೂಲಿನದು ಉಳಿದೇ ಇತ್ತು.

1950ರ ಜನವರಿಯಲ್ಲಿ ವಫ್ದ್ ಪಕ್ಷ ಗೆದ್ದು, ನಹ್ಹಾಸ್ ಪಾಷಾ ಅವರ ಸಂಪುಟದಲ್ಲಿ ತಾಹಾ ಶಿಕ್ಷಣ ಮಂತ್ರಿಯಾದರು. ಹೈಸ್ಕೂಲು ಶುಲ್ಕವನ್ನೂ ತೆಗೆಸಿದರು. ಓದು ಎಂಬುದು ನೀರು, ಗಾಳಿಯ ಹಾಗೆ ಎಲ್ಲರದ್ದೂ ಎನ್ನುವುದು ಅವರ ವಾದ. ವಿರೋಧ ಬಂತು. ಕಟ್ಟಡವಿಲ್ಲ, ಮೇಷ್ಟ್ರುಗಳಿಲ್ಲ, ಇಷ್ಟು ಮಕ್ಕಳನ್ನು ತುಂಬಿದರೆ ಗುಣಮಟ್ಟ ಏನಾಗುತ್ತದೆ ಎಂಬುದು ಇಸ್ಮಾಯಿಲ್ ಅಲ್ ಕಬ್ಬಾನಿಯಂಥ ಶಿಕ್ಷಣ ತಜ್ಞರ ಪ್ರಶ್ನೆ. ಅದು ಹುರುಳಿಲ್ಲದ ಪ್ರಶ್ನೆಯೇನೂ ಅಲ್ಲ. ತರಗತಿಗಳು ಕಿಕ್ಕಿರಿದಿದ್ದು ನಿಜ. ಆದರೆ ಕಟ್ಟಡ ಏಳುವವರೆಗೆ ಕಾಯಿರಿ ಎಂದರೆ ಕಾಯಬೇಕಾದವರು ಯಾರ ಮಕ್ಕಳು? ಕ್ಷೌರಿಕನ ಮದ್ದಿಗೆ ಕಣ್ಣು ಕೊಟ್ಟ ಮನುಷ್ಯನಿಗೆ ಇದಕ್ಕೆ ಉತ್ತರ ಹುಡುಕಬೇಕಿರಲಿಲ್ಲ.

1952ರ ಜನವರಿ 26ರಂದು ಕೈರೋ ಹೊತ್ತಿ ಉರಿಯಿತು. ಮರುದಿನವೇ ದೊರೆ ಫಾರೂಕ್ ಸಂಪುಟವನ್ನು ವಜಾ ಮಾಡಿದ. ತಾಹಾ ಮತ್ತೆಂದೂ ಮಂತ್ರಿಯಾಗಲಿಲ್ಲ. ಅದೇ ವರ್ಷದ ಸೇನಾ ಕ್ರಾಂತಿಯ ನಂತರ ಆ ಖಾತೆ ಕಬ್ಬಾನಿಯವರ ಪಾಲಿಗೇ ಬಂತು. ತೆಗೆದ ಶುಲ್ಕ ಮಾತ್ರ ಹಿಂತಿರುಗಲಿಲ್ಲ; 1962ರಲ್ಲಿ ನಾಸಿರ್ ಸರ್ಕಾರ ವಿಶ್ವವಿದ್ಯಾಲಯದ ಶುಲ್ಕವನ್ನೂ ತೆಗೆದುಹಾಕಿತು. ತಾಹಾಗೆ ಆಗ ಎಪ್ಪತ್ತು ದಾಟಿತ್ತು.