ಹಲ್ಲಿನ ಕಂದು ಕಲೆಗೆ ವಿನಿಯರ್: ಯಾವುದು, ಯಾವಾಗ?



ಸೌತ್ ಸಿ ಯಲ್ಲಿ ನಾವು ನಾಲ್ಕು ಮನೆಯವರು ಸೇರಿದರೆ ಮಾತು ನೀರಿನ ಕಡೆಗೇ ತಿರುಗುತ್ತದೆ. ಈಚೆಗೆ ಅದರ ಜೊತೆಗೆ ಇನ್ನೊಂದು ಪ್ರಶ್ನೆ: "ಮಗಳ ಮುಂದಿನ ಹಲ್ಲು ಕಂದಾಗಿದೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ವಿನಿಯರ್ ಹಾಕಿಸೋಣವೇ?" ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. ನಾವು ದಂತವೈದ್ಯರಲ್ಲ, ಸಾಫ್ಟ್‌ವೇರಿನವರು. ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಒಟ್ಟು ಮಾಡಿದ್ದೇವೆ.

ಕಲೆ ಎಲ್ಲಿಂದ ಬಂತು?

ಕೀನ್ಯಾದ ರಿಫ್ಟ್ ಕಣಿವೆಯ ಜ್ವಾಲಾಮುಖಿ ಕಲ್ಲುಗಳಿಂದ ಅಂತರ್ಜಲಕ್ಕೆ ಫ್ಲೋರೈಡ್ ಸೇರುತ್ತದೆ. ನೈರೋಬಿಗೆ ನ್ಡಕೈನಿ ಅಣೆಕಟ್ಟಿನಿಂದ ಬರುವ ನೀರಿನಲ್ಲಿ ಇದು ಕಡಿಮೆ. ಆದರೆ ನಗರದ ಹಲವು ಬೋರ್‌ವೆಲ್‌ಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು. ನಮ್ಮ ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆಯವರಿಗೆ ಇದು ಹೊಸ ಕಥೆಯಲ್ಲ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ, ಅಂದರೆ ಸುಮಾರು 8 ವರ್ಷದೊಳಗೆ, ಫ್ಲೋರೈಡ್ ಹೆಚ್ಚಾದರೆ ಎನಾಮೆಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಬಿಳಿ ಮಚ್ಚೆ, ಕಂದು ಕಲೆ, ತೀವ್ರವಾದರೆ ಗುಳಿ. ಇದೇ ಫ್ಲೋರೋಸಿಸ್.

ಮೊದಲು ಸಣ್ಣ ಚಿಕಿತ್ಸೆ

ನಾವು ಮೊದಲು ಹೋದ ಕ್ಲಿನಿಕ್ಕಿನಲ್ಲಿ ನೇರವಾಗಿ ಎಂಟು ಪಿಂಗಾಣಿ ವಿನಿಯರ್‌ಗಳ ಲೆಕ್ಕ ಬರೆದುಕೊಟ್ಟರು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಗುತ್ತಿತ್ತು! ಎರಡನೆಯ ವೈದ್ಯರು ಹೇಳಿದ ಕ್ರಮ ಇದು:

1. ಮೈಕ್ರೋಅಬ್ರೇಶನ್: ಆಮ್ಲ ಮತ್ತು ನುಣ್ಣನೆಯ ಪುಡಿಯಿಂದ ಮೇಲ್ಪದರದ ಕಂದು ಕಲೆ ಉಜ್ಜಿ ತೆಗೆಯುವುದು. ಹೋಗುವ ಎನಾಮೆಲ್ ಅತ್ಯಲ್ಪ.
2. ಬ್ಲೀಚಿಂಗ್: ಸುತ್ತಲಿನ ಬಣ್ಣ ತಿಳಿಯಾಗಿ ಕಲೆ ಎದ್ದು ಕಾಣುವುದು ಕಡಿಮೆಯಾಗುತ್ತದೆ.
3. ರೆಸಿನ್ ಇನ್‌ಫಿಲ್ಟ್ರೇಶನ್: ಬಿಳಿ ಮಚ್ಚೆಯ ಸೂಕ್ಷ್ಮ ರಂಧ್ರಗಳಿಗೆ ತೆಳು ರೆಸಿನ್ ತುಂಬುವುದು.

ಸೌಮ್ಯ ಕಲೆಗೆ ಇಷ್ಟೇ ಸಾಕಾಗಬಹುದು. ಸಾಲದಿದ್ದರೆ ಮಾತ್ರ ವಿನಿಯರ್.

ಕಾಂಪೋಸಿಟ್ ವಿನಿಯರ್

ಹಲ್ಲಿನ ಬಣ್ಣದ ರೆಸಿನ್ನನ್ನು ಹಲ್ಲಿನ ಮೇಲೆಯೇ ಪದರ ಪದರವಾಗಿ ಹಚ್ಚುತ್ತಾರೆ. ಸಾಮಾನ್ಯವಾಗಿ ಒಂದೇ ಭೇಟಿ, ಹಲ್ಲು ತೇಯುವುದು ಕಡಿಮೆ ಅಥವಾ ಇಲ್ಲವೇ ಇಲ್ಲ, ಖರ್ಚೂ ಕಡಿಮೆ. ಚೂರು ಹಾರಿದರೆ ಅಲ್ಲೇ ರಿಪೇರಿ. ಆದರೆ ಚಹಾ, ಅರಿಶಿನದ ಬಣ್ಣ ಹಿಡಿಯುತ್ತದೆ. ಬಾಳಿಕೆ ಸುಮಾರು 5ರಿಂದ 7 ವರ್ಷ. ಬೆಳೆಯುವ ಮಕ್ಕಳಿಗೆ ಇದೇ ಮೇಲು.

ಪಿಂಗಾಣಿ ವಿನಿಯರ್

ಲ್ಯಾಬಿನಲ್ಲಿ ಮಾಡಿ ಅಂಟಿಸುತ್ತಾರೆ. ಕನಿಷ್ಠ ಎರಡು ಭೇಟಿ ಬೇಕು. ಬಣ್ಣ ಹಿಡಿಯುವುದಿಲ್ಲ, ಹೊಳಪು ಸಹಜ, 10ರಿಂದ 15 ವರ್ಷ ಅಥವಾ ಹೆಚ್ಚು ಬಾಳುತ್ತದೆ. ಆದರೆ ಸಾಮಾನ್ಯವಾಗಿ 0.3ರಿಂದ 0.7 ಮಿಲಿಮೀಟರ್ ಎನಾಮೆಲ್ ತೇಯಬೇಕು. ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದಕ್ಕೆ "ಅನ್‌ಡೂ" ಇಲ್ಲ. ಒಮ್ಮೆ ತೇಯ್ದರೆ ಜೀವನಪೂರ್ತಿ ಬದಲಿಸುತ್ತಿರಬೇಕು. ಆದ್ದರಿಂದ ಒಸಡು, ಹಲ್ಲು ಪೂರ್ತಿ ಬಲಿಯುವ ತನಕ, ಸುಮಾರು 18ರವರೆಗೆ, ಕಾಯುವುದು ಒಳ್ಳೆಯದು.

ಕೇಳಬೇಕಾದ ಪ್ರಶ್ನೆಗಳು

* ತೇಯದೆ ಸಾಧ್ಯವೇ? ಎಷ್ಟು ಹಲ್ಲಿಗೆ ನಿಜವಾಗಿ ಬೇಕು?
* ತೀವ್ರ ಫ್ಲೋರೋಸಿಸ್ ಎನಾಮೆಲ್‌ಗೆ ಅಂಟು ಚೆನ್ನಾಗಿ ಹಿಡಿಯುವುದಿಲ್ಲ. ಅದಕ್ಕೇನು ಮಾಡುತ್ತೀರಿ?
* ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ನೈಟ್ ಗಾರ್ಡ್ ಬೇಕೇ?
* ರಜೆಗೆ ಊರಿಗೆ ಹೋದಾಗ ಮಾಡಿಸಿದರೆ, ಇಲ್ಲಿ ಕಿತ್ತು ಬಂದಾಗ ನೋಡುವವರು ಯಾರು?

ವೈದ್ಯರ ಹೆಸರು ಕೀನ್ಯಾದ ವೈದ್ಯ ಮತ್ತು ದಂತವೈದ್ಯ ಮಂಡಳಿಯ ನೋಂದಣಿಯಲ್ಲಿದೆಯೇ ಎಂದೂ ನೋಡಿಕೊಳ್ಳಿ.

ತಮ್ಮ, ತಂಗಿಯರ ಹಲ್ಲು ಉಳಿಸಿ

ವಿನಿಯರ್ ಕಲೆಯನ್ನು ಮುಚ್ಚುತ್ತದೆ, ಕಾರಣವನ್ನಲ್ಲ. ನೀರನ್ನು ಲ್ಯಾಬಿನಲ್ಲಿ ಪರೀಕ್ಷಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಆರ್.ಓ. ಫಿಲ್ಟರ್ ಅಥವಾ ಮೂಳೆ ಇದ್ದಿಲಿನ ಫಿಲ್ಟರ್ ತೆಗೆಯುತ್ತದೆ. ಕಾಳು ಬೇಗ ಬೇಯಲೆಂದು ಹಾಕುವ ಮಗಾಡಿ ಸೋಡಾದಲ್ಲೂ ಫ್ಲೋರೈಡ್ ಇರುತ್ತದೆ, ಬಿಡಿ. 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, 6ರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು, ನುಂಗದಂತೆ ನೋಡಿಕೊಳ್ಳಿ.

ನಮ್ಮ ಮಗಳಿಗೆ ಮೈಕ್ರೋಅಬ್ರೇಶನ್ ಮಾಡಿಸಿ, ಎರಡು ಹಲ್ಲಿಗೆ ಮಾತ್ರ ಕಾಂಪೋಸಿಟ್ ಹಾಕಿಸಿದೆವು. ಈಗ ಫೋಟೋಗೆ ಬಾಯ್ತುಂಬ ನಗುತ್ತಾಳೆ. ನಿಮ್ಮ ಮಗುವಿಗೆ ಏನು ಸರಿ ಎಂಬುದನ್ನು ಹಲ್ಲು ನೋಡಿದ ವೈದ್ಯರೇ ಹೇಳಬೇಕು. ಆದರೆ ಒಬ್ಬರನ್ನಲ್ಲ, ಇಬ್ಬರನ್ನು ಕೇಳಿ.